ಸ್ಪೀಕರ್ ತಂತಿಯ ಕೊನೆಯ ಒಂದಿಂಚು

ಹೋದ ದೀಪಾವಳಿಗೆ ನನ್ನ ತಂಗಿಯ ಮಗ ಹೊಸ ಸ್ಪೀಕರ್ ಜೋಡಿ ತಂದ. ಎರಡೇ ದಿನಕ್ಕೆ ಫೋನ್ ಬಂತು. “ದೊಡ್ಡಮ್ಮ, ಇದನ್ನು ವಾಪಸ್ ಕೊಡ್ತೇನೆ. ಮದ್ದಳೆ ಕೇಳುವುದೇ ಇಲ್ಲ. ಭಾಗವತರು ಎಲ್ಲಿ ಕೂತು ಹಾಡ್ತಿದ್ದಾರೆ ಅಂತಲೂ ಗೊತ್ತಾಗುವುದಿಲ್ಲ.” ನಾನು ಕೇಳಿದ್ದು ಒಂದೇ ಮಾತು: “ತಂತಿಯ ಬಣ್ಣ ನೋಡಿ ಹಾಕಿದ್ದೀಯಾ ಮಗಾ?” ಅವನು ಹಿಂದೆ ಹೋಗಿ ನೋಡಿದ. ಎಡಗಡೆಯದು ಸರಿ ಇತ್ತು. ಬಲಗಡೆಯದರಲ್ಲಿ ಕೆಂಪು ಕಪ್ಪು ಅದಲುಬದಲಾಗಿತ್ತು. ತಿರುಗಿಸಿ ಹಾಕಿದ ಮೇಲೆ ಅದೇ ಸ್ಪೀಕರಿನಲ್ಲಿ ಮದ್ದಳೆ ಎದೆಗೆ ತಟ್ಟುವ ಹಾಗೆ ಕೇಳಿತು.

ನಮ್ಮ ಮನೆಯಲ್ಲಿ ಸ್ಟೀರಿಯೋ ನೋಡಿಕೊಳ್ಳುವವಳು ನಾನೇ. ಯಜಮಾನರಿಗೆ ಹಾಡು ಕೇಳುವುದು ಇಷ್ಟ, ನನಗೆ ಅದರ ವೈರಿನ ಕೆಲಸ ಇಷ್ಟ. ಮನೆ ಇರುವುದು ಕುಂದಾಪುರದ ಕಡೆ, ಸಮುದ್ರಕ್ಕೆ ಹತ್ತಿರ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಇಲಿ, ಎಲ್ಲವೂ ಉಂಟು. ಮೂವತ್ತು ವರ್ಷದಲ್ಲಿ ನಾನು ಕಂಡದ್ದು ಇಷ್ಟು. ಸದ್ದು ಕೆಟ್ಟಿತು ಅನಿಸಿದಾಗ ಮುಕ್ಕಾಲು ಪಾಲು ಸಲ ಆಂಪ್ಲಿಫೈಯರೂ ಕೆಟ್ಟಿರುವುದಿಲ್ಲ, ಸ್ಪೀಕರೂ ಕೆಟ್ಟಿರುವುದಿಲ್ಲ. ತೊಂದರೆ ಇರುವುದು ತಂತಿಯ ತುದಿಯಲ್ಲಿ, ಆ ಕೊನೆಯ ಒಂದಿಂಚಿನಲ್ಲಿ. ದುಡ್ಡು ಖರ್ಚು ಮಾಡುವ ಮೊದಲು ಅಲ್ಲಿ ನೋಡಿ.

ಮೊದಲು ತಂತಿ ಕೊಳ್ಳುವ ವಿಷಯ. ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ವೈರಿನ ದಪ್ಪವನ್ನು ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ: 0.75, 1, 1.5, 2.5. ಸಾಮಾನ್ಯ ಹಾಲಿಗೆ, 8 ಓಮ್ ಸ್ಪೀಕರಿಗೆ 1.5 ಧಾರಾಳ ಸಾಕು. ಓಮ್ ಎಂದರೆ ಕರೆಂಟಿಗೆ ಎದುರಾಗುವ ತಡೆಯ ಅಳತೆ. ಲೆಕ್ಕ ಸುಲಭ. ಸ್ಪೀಕರ್ 10 ಮೀಟರ್ ದೂರ ಇದ್ದರೆ ಕರೆಂಟು ಹೋಗಿ ಬರುವ ದಾರಿ 20 ಮೀಟರ್. ಅಷ್ಟು ಉದ್ದದ 1.5ರ ತಾಮ್ರದ ತಂತಿಯ ತಡೆ ಸುಮಾರು ಕಾಲು ಓಮ್. ಸ್ಪೀಕರಿನ ಓಮಿನಲ್ಲಿ ನೂರಕ್ಕೆ 5 ಪಾಲಿಗಿಂತ ತಂತಿಯ ತಡೆ ಕಡಿಮೆ ಇದ್ದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎನ್ನುವುದು ಈ ಕೆಲಸ ಮಾಡುವವರು ಇಟ್ಟುಕೊಂಡ ಅಳತೆ. 8ಕ್ಕೆ ಅದು 0.4 ಓಮ್ ಆಯಿತು. ಆದರೆ ಸ್ಪೀಕರ್ 4 ಓಮಿನದಾದರೆ ಮಿತಿ 0.2ಕ್ಕೆ ಇಳಿಯುತ್ತದೆ. ಆಗ ಅಷ್ಟೇ ದೂರಕ್ಕೆ 2.5ರ ತಂತಿ ಹಾಕಿ. ಹೋಮ್ ಥಿಯೇಟರ್ ಸೆಟ್ಟಿನ ಜೊತೆ ಬರುವ ದಾರದಂಥ ತಂತಿ ಟಿವಿ ಪಕ್ಕದ ಸ್ಪೀಕರಿಗೆ ಪರವಾಗಿಲ್ಲ, ಸೋಫಾದ ಹಿಂದಿನವರೆಗೆ ಎಳೆಯುವುದಕ್ಕೆ ಅಲ್ಲ. ಸಾವಿರಾರು ರೂಪಾಯಿಯ ಮಿರಿಮಿರಿ ಕೇಬಲ್ ಬೇಕಾಗಿಲ್ಲ. ಆ ದುಡ್ಡಿಗೆ ಒಳ್ಳೆಯ ಸ್ಪೀಕರ್ ತನ್ನಿ.

ಒಂದನ್ನು ಮಾತ್ರ ನೋಡಿಯೇ ತನ್ನಿ. ಕಡಿಮೆ ಬೆಲೆಯ ಕೆಲವು ತಂತಿಗಳಲ್ಲಿ ಒಳಗೆ ಅಲ್ಯೂಮಿನಿಯಂ ಇದ್ದು ಹೊರಗೆ ಮಾತ್ರ ತಾಮ್ರದ ಲೇಪ ಇರುತ್ತದೆ. ನೋಡಲು ತಾಮ್ರವೇ. ಕೈಯಲ್ಲಿ ಹಿಡಿದರೆ ಹಗುರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಅದರ ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನಾಲ್ಕು ಸಲ ಬಗ್ಗಿಸಿದರೆ ಎಳೆಗಳು ಪುಟಪುಟ ಮುರಿಯುತ್ತವೆ. ಹಾಗಂತ ಬೆಳ್ಳಗೆ ಕಂಡದ್ದೆಲ್ಲ ಕಳಪೆ ಅಲ್ಲ. ತವರದ ಲೇಪ ಇರುವ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಕೆರೆದರೆ ಕೆಂಪು ಬರುತ್ತದೆ. ಕರಾವಳಿಯವರು ಅದು ಸಿಕ್ಕಿದರೆ ಬಿಡಬೇಡಿ. ಉಪ್ಪು ಗಾಳಿಗೆ ಬೇಗ ಸೋಲುವುದಿಲ್ಲ.

ಈಗ ಆ ಒಂದಿಂಚಿನ ಕೆಲಸ. ಆಂಪ್ಲಿಫೈಯರಿನ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ. ಎರಡು ತಂತಿಯನ್ನು ತುದಿಯಿಂದ ಎರಡಿಂಚಿನಷ್ಟು ಬಿಡಿಸಿ. ಮೇಲಿನ ಪ್ಲಾಸ್ಟಿಕ್ಕನ್ನು ಒಂದು ಸೆಂಟಿಮೀಟರ್, ಹೆಚ್ಚೆಂದರೆ ಹನ್ನೆರಡು ಮಿಲಿಮೀಟರ್ ಸುಲಿಯಿರಿ. ವೈರ್ ಸ್ಟ್ರಿಪ್ಪರ್ ಇದ್ದರೆ ಒಳ್ಳೆಯದು. ಹಲ್ಲಿನಲ್ಲಿ ಕಚ್ಚಿ ಎಳೆಯಬೇಡಿ. ಬ್ಲೇಡ್ ಬಳಸುವುದಾದರೆ ಪ್ಲಾಸ್ಟಿಕ್ಕಿನ ಸುತ್ತ ಮೆಲ್ಲಗೆ ಗೆರೆ ಎಳೆದು, ಬಗ್ಗಿಸಿ, ಕೈಯಲ್ಲಿ ಕಳಚಿ. ಬ್ಲೇಡ್ ಒಳಗಿನ ಎಳೆಗೆ ತಾಗಿತೋ, ಐದಾರು ಎಳೆ ಕತ್ತರಿಸಿ ಹೋಗಿರುತ್ತವೆ. ಹಾಗಾದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಶುರು ಮಾಡಿ. ಅರ್ಧ ಇಂಚು ತಂತಿಗೆ ಜಿಪುಣತನ ಬೇಡ.

ಸುಲಿದ ಎಳೆಗಳನ್ನು ದೀಪದ ಬತ್ತಿ ಹೊಸೆಯುವ ಹಾಗೆ ಬಿಗಿಯಾಗಿ ಹೊಸೆಯಿರಿ. ಕೈ ಒಣಗಿರಲಿ, ಬೆವರಿರಬಾರದು. ಬತ್ತಿಯಿಂದ ಒಂದು ಎಳೆಯೂ ಹೊರಗೆ ಚಾಚಿರಬಾರದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕೂದಲಿನಷ್ಟು ತೆಳು ಎಳೆ ಒಂದು ಕೆಂಪು ಟರ್ಮಿನಲಿನಿಂದ (ತಂತಿ ಸಿಕ್ಕಿಸುವ ಜಾಗ) ಪಕ್ಕದ ಕಪ್ಪು ಟರ್ಮಿನಲಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಈಗಿನ ಹೆಚ್ಚಿನ ಆಂಪ್ಲಿಫೈಯರುಗಳು ಅಂಥ ಹೊತ್ತಲ್ಲಿ ತಾವಾಗಿ ಬಂದ್ ಆಗಿ ಬಚಾವಾಗುತ್ತವೆ. ಹಳೆಯವುಗಳಲ್ಲಿ ಸ್ಪೀಕರಿಗೆ ಕರೆಂಟು ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರೇ ಸುಟ್ಟು ಹೋಗಬಹುದು. ನಮ್ಮ ಮೊದಲ ಆಂಪ್ಲಿಫೈಯರ್ ಹೋದದ್ದು ಹಾಗೇ, ಒಂದೇ ಒಂದು ಎಳೆಯಿಂದ. ಅವತ್ತು ತುಂಬ ಬೇಜಾರಾಗಿತ್ತು.

ತುದಿಗೆ ಸೋಲ್ಡರ್ ಹಾಕಿ ಗಟ್ಟಿ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಸ್ಪ್ರಿಂಗಿನ ಕ್ಲಿಪ್ಪಿಗೆ ಆಗುತ್ತದೆ. ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಅಡಿಗೆ ಬೇಡ. ಸೋಲ್ಡರ್ ಮೆತ್ತನೆಯ ಲೋಹ, ಒತ್ತಡಕ್ಕೆ ನಿಧಾನವಾಗಿ ಜಗ್ಗುತ್ತದೆ, ಕೆಲವು ತಿಂಗಳಲ್ಲಿ ಬಿಗಿ ಸಡಿಲಾಗುತ್ತದೆ. ಪದೇ ಪದೇ ತೆಗೆದು ಹಾಕುವವರಾದರೆ ತಂತಿಯ ತುದಿಗೆ ಬನಾನಾ ಪ್ಲಗ್ (ಟರ್ಮಿನಲಿನ ತೂತಿಗೆ ನೇರ ಚುಚ್ಚುವ ಲೋಹದ ಪಿನ್) ಹಾಕಿಸಿಕೊಳ್ಳಿ. ಎಳೆ ಚಾಚುವ ಭಯವೇ ಇರುವುದಿಲ್ಲ.

ಟರ್ಮಿನಲಿಗೆ ಸೇರಿಸುವಾಗ ಬರಿ ತಾಮ್ರ ಮಾತ್ರ ಒಳಗೆ ಸಿಕ್ಕಿಕೊಳ್ಳಬೇಕು. ಪ್ಲಾಸ್ಟಿಕ್ ಸೇರಿ ಸಿಕ್ಕಿಕೊಂಡರೆ ಹಿಡಿತ ಇದ್ದ ಹಾಗೆ ಕಾಣುತ್ತದೆ, ಕರೆಂಟು ಸರಿಯಾಗಿ ದಾಟುವುದಿಲ್ಲ. ಹೊರಗೆ ಜಾಸ್ತಿ ತಾಮ್ರ ಕಾಣುತ್ತಿದ್ದರೆ ಅದೂ ತಪ್ಪು. ತಿರುಗಿಸುವ ಬಗೆಯದಾದರೆ ಬತ್ತಿಯನ್ನು ಅಡ್ಡ ತೂತಿನಲ್ಲಿ ತೂರಿಸಿ ಬೆರಳಿನಿಂದಲೇ ಬಿಗಿ ಮಾಡಿ. ಪ್ಲೈಯರ್ ಹಾಕಿ ತಿರುಗಿಸಿದರೆ ಟರ್ಮಿನಲಿನ ಪ್ಲಾಸ್ಟಿಕ್ ಬಿರಿಯುತ್ತದೆ. ಆಮೇಲೆ ತಂತಿಯನ್ನು ಸ್ವಲ್ಪ ಎಳೆದು ನೋಡಿ. ಅಲ್ಲಾಡಬಾರದು.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಇದು ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ಎಲ್ಲ ತಂತಿಯೂ ಕೆಂಪು ಕಪ್ಪು ಇರುವುದಿಲ್ಲ. ಕೆಲವದರಲ್ಲಿ ಒಂದು ತಂತಿಯ ಮೇಲೆ ಗೆರೆ ಇರುತ್ತದೆ. ಕೆಲವದರಲ್ಲಿ ಒಂದು ಎಳೆಗುಚ್ಛ ಬಿಳಿ, ಇನ್ನೊಂದು ಕೆಂಪು. ಏನೂ ಕಾಣದಿದ್ದರೆ ಉಗುರಿನಿಂದ ಸವರಿ, ಒಂದರ ಮೇಲೆ ಸಣ್ಣ ಏಣು ಕೈಗೆ ಸಿಗುತ್ತದೆ. ಯಾವುದನ್ನು ಪ್ಲಸ್ ಮಾಡಿದರೂ ಸರಿಯೇ. ಆಂಪ್ಲಿಫೈಯರಿನ ತುದಿಯಲ್ಲಿ ಪ್ಲಸ್ ಆದದ್ದು ಸ್ಪೀಕರಿನ ತುದಿಯಲ್ಲೂ ಪ್ಲಸ್ ಆಗಿರಬೇಕು, ಎರಡೂ ಸ್ಪೀಕರಿಗೆ ಹಾಗೇ ಇರಬೇಕು. ಒಂದು ತಿರುಗಾಮುರುಗಾ ಆದರೆ ಏನಾಗುತ್ತದೆ? ಒಂದು ಸ್ಪೀಕರಿನ ಕೋನ್ (ಮುಂದೆ ಕಾಣುವ ಅದುರುವ ಬಟ್ಟಲು) ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ತಗ್ಗು ಸ್ವರಗಳು ಒಂದನ್ನೊಂದು ತಿಂದು ಹಾಕುತ್ತವೆ. ಮದ್ದಳೆ, ಮೃದಂಗದ ಎಡಮುಖ ಎಲ್ಲ ಸಪ್ಪೆ. ನಡುವಿನಿಂದ ಬರಬೇಕಾದ ಗಾಯಕರ ದನಿ ಕೋಣೆಯೆಲ್ಲ ಚೆದುರಿದ ಹಾಗೆ ಕೇಳುತ್ತದೆ. ಸ್ಪೀಕರಿಗೆ ಏನೂ ಹಾನಿ ಇಲ್ಲ. ಅದಕ್ಕೇ ಎಷ್ಟೋ ಮನೆಯಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ.

ಅನುಮಾನ ಇದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದನ್ನು ತೆಗೆದುಕೊಳ್ಳಿ. ಆಂಪ್ಲಿಫೈಯರಿನ ಕಡೆಯ ತುದಿಯನ್ನು ಬಿಚ್ಚಿ, ಪ್ಲಸ್ ಅಂದುಕೊಂಡ ತಂತಿಯನ್ನು ಸೆಲ್ಲಿನ ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಟಪ್ ಎಂದು ಸದ್ದಾಗಿ ದೊಡ್ಡ ಕೋನ್ ಹೊರಗೆ ಬಂದರೆ ಸರಿ, ಒಳಗೆ ಹೋದರೆ ತಿರುಗಿದೆ ಎಂದು ಅರ್ಥ. ತಾಗಿಸಿ ಹಿಡಿದುಕೊಳ್ಳಬೇಡಿ. ಟ್ವೀಟರ್, ಅಂದರೆ ಮೇಲಿನ ಸ್ವರದ ಸಣ್ಣ ಸ್ಪೀಕರ್, ಮಾತ್ರ ಇರುವ ಪೆಟ್ಟಿಗೆಗೆ ಇದನ್ನು ಮಾಡಲೇಬೇಡಿ. ತಂತಿ ಗೋಡೆಯೊಳಗೆ ಹೋಗಿ ಯಾವುದು ಯಾವುದೆಂದು ತಿಳಿಯದಿದ್ದಾಗ ಈ ಸೆಲ್ಲಿನ ಉಪಾಯ ನನಗೆ ಬಹಳ ಸಲ ಸಹಾಯ ಮಾಡಿದೆ.

ಇನ್ನು ಕಿಲುಬು. ದೇವರ ಮುಂದಿನ ತಾಮ್ರದ ಚೊಂಬಿಗೆ ಹಿಡಿಯುವ ಹಸಿರು ಕಿಲುಬೇ ತಂತಿಯ ತುದಿಗೂ ಹಿಡಿಯುತ್ತದೆ. ಮೊದಲು ಹೊಳಪು ಹೋಗಿ ಕಂದಾಗುತ್ತದೆ, ಆಮೇಲೆ ಕಪ್ಪು, ಆಮೇಲೆ ಹಸಿರು. ಸದ್ದು ಕರಕರ ಎನ್ನುತ್ತದೆ. ಒಂದು ಸ್ಪೀಕರ್ ನಿಂತು ನಿಂತು ಬರುತ್ತದೆ, ಮೇಲೆ ತಟ್ಟಿದರೆ ಮತ್ತೆ ಹಾಡುತ್ತದೆ. ಚೊಂಬಾದರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ತಂತಿಗೆ ಆ ಕೆಲಸ ಮಾಡಬೇಡಿ. ಹುಳಿ, ಉಪ್ಪು ಎಳೆಗಳ ಸಂದಿಯಲ್ಲಿ ಉಳಿದು ತಿಂಗಳೊಳಗೆ ಮೊದಲಿಗಿಂತ ಜಾಸ್ತಿ ಹಸಿರಾಗುತ್ತದೆ. ಲಿಂಬೆಹಣ್ಣೂ ಬೇಡ, ತೆಂಗಿನೆಣ್ಣೆಯೂ ಬೇಡ. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ ಎಸೆಯಿರಿ. ಹೊಸ ತಾಮ್ರ ಹೊಳೆಯುವವರೆಗೆ ಹಿಂದೆ ಹೋಗಿ, ಮತ್ತೆ ಒಂದು ಸೆಂಟಿಮೀಟರ್ ಸುಲಿಯಿರಿ. ಟರ್ಮಿನಲನ್ನು ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ, ಪೂರಾ ಒಣಗಿದ ಮೇಲೆ ತಂತಿ ಸೇರಿಸಿ. ಉಜ್ಜುಕಾಗದ ಹಾಕಿದರೆ ಮೇಲಿನ ಲೇಪ ಹೋಗಿ ಕಿಲುಬು ಇನ್ನೂ ಬೇಗ ಬರುತ್ತದೆ.

ತಂತಿ ಎಳೆಯುವ ದಾರಿಯೂ ಮುಖ್ಯ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವೆ. ನೆಲದ ಮೇಲೆ ಬಿದ್ದ ತಂತಿ ದಿನಾ ನೀರು ಕುಡಿಯುತ್ತದೆ, ಪೊರಕೆಗೆ ಸಿಕ್ಕಿ ಎಳೆಯುತ್ತದೆ. ಗೋಡೆಯ ಬುಡದಿಂದ ನಾಲ್ಕು ಬೆರಳು ಮೇಲೆ ಕೇಸಿಂಗ್ ಪಟ್ಟಿ ಹೊಡೆಸಿ ಒಳಗೆ ಹಾಕಿ. ಇಲಿಯೂ ಸುಲಭಕ್ಕೆ ಕಡಿಯುವುದಿಲ್ಲ. ಕಾರ್ಪೆಟ್ ಅಡಿಗೆ ಹಾಕಿ ಮೇಲೆ ಓಡಾಡಬೇಡಿ. ಮನೆ ಕಟ್ಟಿಸುತ್ತಿದ್ದರೆ ಗಾರೆಗೆ ಮೊದಲೇ ಸ್ಪೀಕರಿಗೆಂದು ಬೇರೆ ಪೈಪ್ ಹಾಕಿಸಿ. ಕರೆಂಟಿನ ತಂತಿ ಇರುವ ಪೈಪಿನಲ್ಲೇ ತೂರಿಸುತ್ತೇನೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಬೇಡಿ. ಒಳಗೆ ಎಲ್ಲೋ ಪ್ಲಾಸ್ಟಿಕ್ ಸವೆದರೆ 230 ವೋಲ್ಟ್ ನೇರ ಸ್ಪೀಕರಿಗೆ ಬರುತ್ತದೆ.

ಅದೇ ಕಾರಣಕ್ಕೆ ಇನ್ನೊಂದು ಮಾತು. ಕೆಲವರು ಸ್ಪೀಕರ್ ತಂತಿಯ ತುದಿಗೆ ಕರೆಂಟಿನ ಎರಡು ಪಿನ್ನಿನ ಪ್ಲಗ್ ಹಾಕುತ್ತಾರೆ. ಸಲೀಸು ಎಂದು ಅವರ ಲೆಕ್ಕ. ಮನೆಯಲ್ಲಿ ಮಗು ಇದ್ದರೆ, ಗೊತ್ತಿಲ್ಲದ ನೆಂಟರು ಬಂದರೆ, ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಲು ಎಷ್ಟು ಹೊತ್ತು ಬೇಕು? ಸ್ಪೀಕರ್ ಸುಡುವುದಿರಲಿ, ಬೆಂಕಿ ಹಿಡಿಯಬಹುದು, ಜೀವಕ್ಕೇ ಅಪಾಯ ಆಗಬಹುದು. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ಕತ್ತರಿಸಿ ಹಾಕಿ.

ತಂತಿ ಗಿಡ್ಡ ಬಿದ್ದರೆ ಜೋಡಿಸುವುದಕ್ಕಿಂತ ಹೊಸದು ಎಳೆಯುವುದೇ ಒಳ್ಳೆಯದು. ಜೋಡಿಸಲೇಬೇಕಾದರೆ ಸುಮ್ನೆ ಹೊಸೆದು ಟೇಪ್ ಸುತ್ತಬೇಡಿ. ನಮ್ಮ ಸೆಕೆಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸೋಲ್ಡರ್ ಮಾಡಿಸಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಎರಡು ತಂತಿಯ ಗಂಟೂ ಒಂದೇ ಜಾಗದಲ್ಲಿ ಬಾರದ ಹಾಗೆ ಒಂದನ್ನು ಎರಡು ಬೆರಳು ಹಿಂದೆ ಮಾಡಿಸಿ.

ಒಂದು ಸ್ಪೀಕರ್ ಹಾಡದಿದ್ದರೆ ಗಾಬರಿ ಬೇಡ. ಆರಿಸಿ, ಆಂಪ್ಲಿಫೈಯರಿನ ಹಿಂದೆ ಎಡದ ಜೋಡಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಮತ್ತೆ ಹಚ್ಚಿ ಸಣ್ಣ ವಾಲ್ಯೂಮಿನಲ್ಲಿ ಕೇಳಿ. ಮೊದಲು ಸುಮ್ಮನಿದ್ದ ಸ್ಪೀಕರೇ ಈಗಲೂ ಸುಮ್ಮನಿದ್ದರೆ ತೊಂದರೆ ಅದರ ತಂತಿಯಲ್ಲಿ ಅಥವಾ ಅದರಲ್ಲೇ ಇದೆ. ಇನ್ನೊಂದು ಸುಮ್ಮನಾದರೆ ಆಂಪ್ಲಿಫೈಯರಿನ ಕಡೆ ನೋಡಬೇಕು. ಮಲ್ಟಿಮೀಟರ್ ಇದ್ದವರು ತಂತಿ ಬಿಚ್ಚಿ ಸ್ಪೀಕರಿನ ಟರ್ಮಿನಲಿಗೆ ಇಟ್ಟು ನೋಡಿ. 8 ಓಮಿನದು 6, 7 ಎಂದು ತೋರಿಸಿದರೆ ಹೆದರಬೇಡಿ, ಅದು ಸರಿಯೇ. ಹಾಗೆಯೇ ಒಂದೇ ಟರ್ಮಿನಲಿಗೆ ಎರಡು ಸ್ಪೀಕರ್ ಕಟ್ಟುವ ಆಸೆ ಬಂದರೆ ಮೊದಲು ಆಂಪ್ಲಿಫೈಯರಿನ ಹಿಂದೆ ಬರೆದದ್ದನ್ನು ಓದಿ. ಎರಡು 8 ಓಮ್ ಅಕ್ಕಪಕ್ಕ ಸೇರಿದರೆ 4 ಓಮ್ ಆಗುತ್ತದೆ. ಅಲ್ಲಿ ಕನಿಷ್ಠ 8 ಎಂದಿದ್ದರೆ ಆಂಪ್ಲಿಫೈಯರ್ ಕಾದು ಕೆಂಡವಾಗುತ್ತದೆ.

ನಾನು ವರ್ಷಕ್ಕೊಂದು ಸಲ, ಮಳೆ ಮುಗಿದು ನವರಾತ್ರಿಗೆ ಮನೆ ಸಾರಿಸುವ ವಾರದಲ್ಲಿ, ಎಲ್ಲ ತುದಿಗಳನ್ನು ಬಿಚ್ಚಿ ನೋಡುತ್ತೇನೆ. ಹೊಳಪಿದ್ದರೆ ಹಾಗೇ ಬಿಗಿ ಮಾಡುತ್ತೇನೆ. ಕಂದಿದ್ದರೆ ಕತ್ತರಿಸಿ ಹೊಸ ತುದಿ ಮಾಡುತ್ತೇನೆ. ಇದಕ್ಕೆಂದೇ ತಂತಿ ಎಳೆಯುವಾಗ ಪ್ರತಿ ತುದಿಯಲ್ಲಿ ಅರ್ಧ ಮೀಟರ್ ಜಾಸ್ತಿ ಬಿಟ್ಟು, ಸ್ಪೀಕರಿನ ಹಿಂದೆ ಸುತ್ತಿ ಇಟ್ಟಿದ್ದೆ. ಹನ್ನೊಂದು ವರ್ಷ ಆಯಿತು. ಬಲಗಡೆಯದರಲ್ಲಿ ಇನ್ನೂ ಒಂದು ಗೇಣು ಉಳಿದಿದೆ.