ಕಾವಲಿಲ್ಲದ ಕಾಯಿಗೆ ಒಂದು ಹುಣಸೆ ಬೀಜ

ಕಾವಲಿಲ್ಲದ ಕಾಯಿ, ಅಂದರೆ ಹೊಡೆದರೆ ತಿರುಗಿ ಹೊಡೆಯಲು ತನ್ನವರಿಲ್ಲದ ಕಾಯಿ, ಉದುರಿಹೋಗುತ್ತದೆ ಎಂಬ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ ಅವರ ಮಾತು ಚೆಸ್ ಕಲಿಸುವ ನಮಗೆಲ್ಲ ಬಾಯಿಪಾಠ. ಎಂಟು ವರ್ಷದ ಮಗುವಿನ ಕಣ್ಣಿಗೆ ಅದನ್ನು ಕಾಣಿಸುವುದು ಹೇಗೆ? ಪಜಲ್ ಹಾಳೆಗಳ ಜೆರಾಕ್ಸ್‌ಗೆ ಎರಡು ಸಾವಿರದಷ್ಟು ಸುರಿದೆ. ಆಮೇಲೆ ಒಂದು ಟ್ಯಾಬ್ ಕೊಂಡೆ, ಹನ್ನೊಂದು ಸಾವಿರದ ಹತ್ತಿರ. ಮಕ್ಕಳು ಪಜಲ್‌ಗಳನ್ನು ಪಟಪಟನೆ ಬಿಡಿಸಿದರು. ಆಟಕ್ಕೆ ಕೂತರೆ ಮತ್ತೆ ಒಂಟೆ ಬಿಟ್ಟಿ, ಕುದುರೆ ಬಿಟ್ಟಿ. ಪಜಲ್‌ನಲ್ಲಿ ಏನೋ ಸಿಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ, ಆಟದಲ್ಲಿ ಯಾರು ಹೇಳುತ್ತಾರೆ? ಕೈಕಟ್ಟಿ ಕೂರಿಸಿದೆ, ಪ್ರತಿ ನಡೆಗೂ ‘ಈಗ ಅವನು ಏನು ಹೊಡೆಯುತ್ತಾನೆ?’ ಎಂದು ಗಟ್ಟಿಯಾಗಿ ಹೇಳಿಸಿದೆ. ವಾರ ಕಳೆಯುವಷ್ಟರಲ್ಲಿ ಅದು ಬರೀ ಮಂತ್ರವಾಯಿತು.

ಕೈಹಿಡಿದದ್ದು ಹುಣಸೆ ಬೀಜ. ತನ್ನ ಯಾವ ಕಾಯಿಗೆ ಕಾವಲಿಲ್ಲವೋ ಅದರ ಮನೆಯಲ್ಲಿ ಒಂದು ಬೀಜ ಇಡಬೇಕು, ಪ್ರತಿ ನಡೆಯ ನಂತರ ಸರಿಪಡಿಸಬೇಕು. ಎದುರಾಳಿಯ ಕಣ್ಣು ಅದರ ಮೇಲಿದೆಯೋ ಇಲ್ಲವೋ ಬೇಡ. ‘ಸರ್, ನೀವು ಕಲಿಸುವುದು ಚೆಸ್ಸೋ, ಅಳಗುಳಿ ಮಣೆಯೋ?’ ಎಂದು ಒಬ್ಬ ತಂದೆ ಕೇಳಿದರು. ಆಟದ ವೇಗವೇ ಸಾಯುತ್ತದೆ ಎಂದರು ಹಿರಿಯ ತರಬೇತುದಾರರೊಬ್ಬರು. ಒಂದು ಆಟಕ್ಕೆ ಒಂದೂವರೆ ಗಂಟೆ ಹಿಡಿದದ್ದು ನಿಜ. ನಾನು ಬಿಡಲಿಲ್ಲ.

ಕಾಯಿ ಜೋಡಿಸಿದಾಗ ಎರಡೂ ಕಡೆ ಸೇರಿ ನಾಲ್ಕೇ ಬೀಜ, ನಾಲ್ಕು ಆನೆಗಳಿಗೆ. ಇದನ್ನೇ ಮಕ್ಕಳು ನಂಬುವುದಿಲ್ಲ. ಇನ್ನು ನಡೆಗಳು (ಅಕ್ಷರ ಉದ್ದಸಾಲಿನದು, ಅಂಕಿ ಅಡ್ಡಸಾಲಿನದು): ಬಿಳಿ ಪದಾತಿ ಇ4, ಕಪ್ಪು ಪದಾತಿ ಇ5, ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6, ಬಿಳಿ ಒಂಟೆ ಸಿ4. ಬಿಳಿಗೆ ಎಷ್ಟು ಬೀಜ? ಎರಡು ಆನೆ, ಇ4 ಪದಾತಿ, ಸಿ4 ಒಂಟೆ ಎಂದು ನಾಲ್ಕಕ್ಕೇ ಕೈ ನಿಲ್ಲುತ್ತದೆ. ಐದನೆಯದು ಜಿ2 ಪದಾತಿಗೆ. ಅದನ್ನು ಕಾಯುತ್ತಿದ್ದ ಒಂಟೆಯೇ ಎದ್ದುಹೋಗಿದೆ. ಕಾಯಿ ಹೋಗಿ ಕೂತ ಮನೆ ಹೊಸಬರಿಗೆ ಕಾಣುತ್ತದೆ, ಅದು ಬಿಟ್ಟುಹೋದ ಕೆಲಸ ಕಾಣುವುದಿಲ್ಲ. ಆಗ ಕಪ್ಪು ಕುದುರೆಯನ್ನು ಡಿ4ಕ್ಕೆ ಇಡುತ್ತೇನೆ. ಬಿಳಿ ಕುದುರೆ ಆಸೆಯಿಂದ ಇ5 ಹೊಡೆದರೆ ನನ್ನ ಮಂತ್ರಿ ಜಿ5ಕ್ಕೆ. ಕುದುರೆ ಎಫ್7 ಹೊಡೆಯಲಿ, ಮಂತ್ರಿ ಜಿ2 ತಿನ್ನುತ್ತದೆ. ಆನೆ ಎಫ್1ಕ್ಕೆ ಸರಿದರೆ ಇ4 ತಿಂದು ಚೆಕ್. ಒಂಟೆ ಇ2ಕ್ಕೆ ಅಡ್ಡ ಬಂದರೆ ಕುದುರೆ ಎಫ್3, ಮೇಟ್. ಮಂತ್ರಿ ತಿಂದ ಎರಡೂ ಪದಾತಿಗಳ ಬುಡದಲ್ಲಿ ಬೀಜ ಇತ್ತು! ಇಡೀ ತರಗತಿ ಬೋರ್ಡಿನ ಮೇಲೆ ಬಗ್ಗುತ್ತದೆ.

ನಡುವೆ ಎದುರಾಳಿಯ ಕಾಯಿಗಳಿಗೂ ಬೀಜ ಇಡಿಸಿ ನೋಡಿದೆ. ಬೀಜ ಕಂಡಲ್ಲೆಲ್ಲ ಹುಡುಗರು ನುಗ್ಗತೊಡಗಿದರು, ಆ ಇ5 ಪದಾತಿಯಂತಹ ವಿಷವನ್ನೂ ನುಂಗಿದರು. ಅದನ್ನೀಗ ಮುಂದಿನ ಹಂತಕ್ಕೆ ಎತ್ತಿಟ್ಟಿದ್ದೇನೆ. ಬೀಜದ ಬದಲು, ನಡೆಗಳನ್ನು ಬರೆದುಕೊಳ್ಳುವ ಸ್ಕೋರ್‌ಶೀಟಿನಲ್ಲಿ ನಡೆಯ ಪಕ್ಕ ಕಾವಲಿಲ್ಲದ ಕಾಯಿಗಳ ಅಂಕಿ ಬರೆಸುವುದೂ ಚೆನ್ನಾಗಿತ್ತು; ಆದರೆ ಟೂರ್ನಿಯಲ್ಲಿ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮ ಅಂತಹ ಟಿಪ್ಪಣಿಗೆ ಬಿಡುವುದಿಲ್ಲ, ನಿಲ್ಲಿಸಿದೆ. ಬೀಜ ತೆಗೆದ ಮೇಲೂ ಲೆಕ್ಕ ತಲೆಯಲ್ಲೇ ಓಡುವಂತೆ ಮಾಡುವ ಒಂದು ಅಭ್ಯಾಸ ಕಂಡುಕೊಂಡಿದ್ದೇನೆ. ಅದು ಸದ್ಯ ನನ್ನ ತರಗತಿಯಲ್ಲೇ ಇರಲಿ.

ಮೊದಲು ಆಟಕ್ಕೆ ನಾಲ್ಕೈದು ಕಾಯಿ ಬಿಟ್ಟಿ ಹೋಗುತ್ತಿದ್ದವು. ಮೂರು ತಿಂಗಳಲ್ಲಿ ಅದು ಒಂದಕ್ಕಿಳಿಯಿತು, ಕೆಲವರಿಗೆ ಅದೂ ಇಲ್ಲ. ಪಜಲ್‌ಗಳನ್ನಷ್ಟೇ ನಂಬಿದ ಯಾವ ತರಗತಿಯೂ ಇಷ್ಟು ಬೇಗ ಇಲ್ಲಿಗೆ ಬಂದದ್ದನ್ನು ನಾನು ನೋಡಿಲ್ಲ.

ಮಾಡಿ ನೋಡುವವರು ಇಪ್ಪತ್ತು ಇಂಚಿನ ವಿನೈಲ್ ಬೋರ್ಡನ್ನೇ ಬಳಸಿ. ಚಿಕ್ಕ ಮ್ಯಾಗ್ನೆಟ್ ಬೋರ್ಡಿನಲ್ಲಿ ಕಾಯಿಯ ಪಕ್ಕ ಬೀಜಕ್ಕೆ ಜಾಗವಿರುವುದಿಲ್ಲ. ತೀರಾ ಚಿಕ್ಕವರ ಕೈಗೆ ಬೀಜ ಕೊಡಬೇಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ.