ನೋವು ನಿಂತರೂ ರೂಟ್ ಕೆನಾಲ್ ಮುಗಿದಿಲ್ಲ

ರೂಟ್ ಕೆನಾಲ್ ಎಂದರೆ ಹಲ್ಲಿನ ಬೇರಿನೊಳಗೆ ಕೆಟ್ಟ ನರ ತೆಗೆದು, ಅದು ಇದ್ದ ಸಣ್ಣ ನಾಳಗಳನ್ನು ತೊಳೆದು ತುಂಬುವ ಚಿಕಿತ್ಸೆ. ಹಾಗೆ ಮಾಡಿಸಿದ ಹಲ್ಲು ಮತ್ತೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬೇರಿನೊಳಗೆ ಸರಿಯಾಗಿ ತೊಳೆದಿರುವುದಿಲ್ಲ, ಇಲ್ಲವೇ ನೋವು ಹೋಯಿತಲ್ಲ ಎಂದು ರೋಗಿ ಅರ್ಧಕ್ಕೇ ಬಿಟ್ಟಿರುತ್ತಾರೆ.

ಯಾವ ಹಲ್ಲಿಗೆ ಬೇಕು?

ತಣ್ಣೀರು ತಾಗಿದಾಗ ಜುಮ್ಮೆಂದು ತಕ್ಷಣ ಹೋದರೆ ಬರೀ ಸಿಮೆಂಟ್ ಸಾಕಾಗಬಹುದು. ಬಿಸಿ ಕಾಫಿಗೆ ಶುರುವಾದ ನೋವು ನಿಮಿಷಗಟ್ಟಲೆ ಕಾಡಿದರೆ, ರಾತ್ರಿ ನಿದ್ದೆಗೆಡಿಸಿದರೆ, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದರೆ ಕೂಡಲೇ ತೋರಿಸಿ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುತ್ತಾ ದಿನ ದೂಡಬೇಡಿ. ನರ ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ, ಮಾತ್ರೆಯೂ ಅಲ್ಲಿಗೆ ತಲುಪುವುದಿಲ್ಲ. ಜ್ವರ ಬಂದರೆ, ಊತ ಹರಡಿದರೆ ಆಂಟಿಬಯಾಟಿಕ್ ಬೇಕು, ಅದೂ ವೈದ್ಯರು ಬರೆದುಕೊಟ್ಟಂತೆ. ನುಂಗಲು, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಡುವುದಂತೂ ಬೇಡವೇ ಬೇಡ, ಒಸಡು ಸುಟ್ಟುಹೋಗುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ

ಎಕ್ಸ್‌ರೇ ತೆಗೆದು, ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸೋಂಕು ಕೆರಳಿದ್ದಾಗ ಅದು ಸುಲಭವಾಗಿ ಹಿಡಿಯುವುದಿಲ್ಲ. ನೋವಾದರೆ ಕೈ ಎತ್ತಿ, ಇನ್ನಷ್ಟು ಕೊಡುತ್ತಾರೆ. ಆಮೇಲೆ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆ ಕಟ್ಟಬೇಕು. ಇದನ್ನು ಬಿಟ್ಟುಬಿಡುವವರು ಬಹಳ. ಹಾಳೆ ಇಲ್ಲದಿದ್ದರೆ ಎಂಜಲು ಬೇರಿನೊಳಗೆ ಇಳಿಯುತ್ತದೆ, ನಾಳ ಕೆರೆಯುವ ಸೂಜಿಯಂಥ ಸಣ್ಣ ಫೈಲ್ ಜಾರಿ ಗಂಟಲಿಗೆ ಬೀಳುವ ಅಪಾಯವೂ ಇದೆ. ಸಂಕೋಚವಿಲ್ಲದೆ ಕೇಳಿ.

ತೊಳೆಯುವುದೇ ಚಿಕಿತ್ಸೆ

ಮೊದಲು ನಾಳಗಳೆಲ್ಲ ಸಿಗಬೇಕು. ಮೇಲಿನ ಮುಂಭಾಗದ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲಿಗೆ 3, ಕೆಲವೊಮ್ಮೆ 4. ಮೇಲಿನದಕ್ಕೆ ಬೇರು ಮೂರೇ ಆದರೂ ಬಹಳಷ್ಟು ಸಲ ನಾಳ 4 ಇರುತ್ತವೆ. ನಾಲ್ಕನೆಯದು ಕೂದಲೆಳೆಯಷ್ಟು ಸಣ್ಣದು. ಅದು ಕೈತಪ್ಪಿದರೆ ತಿಂಗಳುಗಳ ನಂತರವೂ ಹಲ್ಲು ಮಿಡಿಯಬಹುದು. ಹುಡುಕಲು ಕಣ್ಣಿಗೆ ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಅಥವಾ ಮೈಕ್ರೋಸ್ಕೋಪ್ ಬೇಕು.

ನಂತರ ಅಳತೆ. ಅಪೆಕ್ಸ್ ಲೊಕೇಟರ್ ಎಂಬ ಯಂತ್ರದಿಂದ, ಎಕ್ಸ್‌ರೇಯಿಂದ ನಾಳದ ಉದ್ದ ಗೊತ್ತು ಮಾಡಿಕೊಂಡು, ಬೇರಿನ ತುದಿಗೆ 0.5ರಿಂದ 1 ಮಿ.ಮೀ. ಮೊದಲೇ ನಿಲ್ಲಿಸುತ್ತಾರೆ. ಅದಕ್ಕಿಂತ ಮೊದಲೇ ನಿಂತರೆ ತುದಿಯಲ್ಲಿ ಸೋಂಕು ಉಳಿಯುತ್ತದೆ, ದಾಟಿದರೆ ಫೈಲ್ ಮೂಳೆಗೆ ಚುಚ್ಚುತ್ತದೆ.

ಫೈಲ್ ದಾರಿ ಮಾಡಿಕೊಡುತ್ತದೆ, ಅಷ್ಟೇ. ನಾಳದ ಗೋಡೆಯ ಎಷ್ಟೋ ಭಾಗ ಅದಕ್ಕೆ ಎಟುಕುವುದೇ ಇಲ್ಲ. ಅಲ್ಲಿ ಕೊಳೆತ ನರವನ್ನು ಕರಗಿಸುವುದು 2.5ರಿಂದ 5.25 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಒಂದೊಂದು ಫೈಲ್ ಬದಲಿಸಿದಾಗಲೂ ಹೊಸ ದ್ರಾವಣ ಬಿಡಬೇಕು. ಪಕ್ಕದಲ್ಲಿ ತೂತಿರುವ ಸೂಜಿಯನ್ನು ನಾಳದಲ್ಲಿ ಸಿಕ್ಕಿಸದೆ, ಮೆಲ್ಲಗೆ ಒತ್ತಬೇಕು. ಬಿಗಿಯಾಗಿ ಸಿಕ್ಕಿಸಿ ಜೋರಾಗಿ ಒತ್ತಿದರೆ ದ್ರಾವಣ ಬೇರಿನಾಚೆ ನುಗ್ಗಿ ತಕ್ಷಣ ಭಾರಿ ನೋವು, ಊತ. ಕೊನೆಗೆ 17 ಶೇಕಡಾದ ಇಡಿಟಿಎ ಎಂಬ ದ್ರಾವಣ ಒಂದು ನಿಮಿಷ ಬಿಟ್ಟು, ಗೋಡೆಗೆ ಅಂಟಿದ ಪುಡಿ ತೆಗೆಯುತ್ತಾರೆ. ಬರೀ ಸಲೈನ್‌ನಲ್ಲಿ ತೊಳೆದರೆ ಏನೂ ಕರಗುವುದಿಲ್ಲ. ದವಡೆ ಹಲ್ಲನ್ನು ಹದಿನೈದೇ ನಿಮಿಷದಲ್ಲಿ ಮುಗಿಸುತ್ತೇವೆ ಎನ್ನುವ ಕಡೆ ಹೋಗಬೇಡಿ, ದ್ರಾವಣ ಕೆಲಸ ಮಾಡಲು ಸಮಯ ಬೇಕು.

ನಾಳ ಒಣಗಿಸಿ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬುವುದು ಮುಂದಿನ ಕೆಲಸ. ಕೀವು ನಿಂತಿಲ್ಲವಾದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧ ನಾಳದೊಳಗೆ ಇಟ್ಟು ವಾರ, ಎರಡು ವಾರ ಬಿಟ್ಟು ಕರೆಯುತ್ತಾರೆ. ಜನ ಕಾಣೆಯಾಗುವುದು ಇಲ್ಲೇ. ಮೇಲೆ ಹಾಕಿದ ತಾತ್ಕಾಲಿಕ ಸಿಮೆಂಟ್ ಕೆಲವೇ ವಾರಗಳಲ್ಲಿ ಸವೆದು ಎಂಜಲು ಒಳಗಿಳಿಯುತ್ತದೆ. ಪಟ್ಟ ಪಾಡೆಲ್ಲ ವ್ಯರ್ಥ.

ಕ್ಯಾಪ್ ಮುಂದೂಡಬೇಡಿ

ಹುಳುಕು ತಿಂದು, ಮೇಲೆ ಕೊರೆದು ಟೊಳ್ಳಾದ ದವಡೆ ಹಲ್ಲು ಒಂದು ಗಟ್ಟಿ ಚಕ್ಕುಲಿಗೆ ಸೀಳಬಹುದು. ಸೀಳು ಬೇರಿಗಿಳಿದರೆ ಕೀಳುವುದೊಂದೇ ದಾರಿ. ತಿಂಗಳೊಳಗೆ ಕ್ಯಾಪ್ ಹಾಕಿಸಿ. ಬೆಲೆ ಹೊರೆಯಾದರೆ, ನಕ್ಕಾಗ ಕಾಣದ ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಹಾಕಿಸಿ. ಅಗ್ಗದ ಸೆರಾಮಿಕ್‌ಗಿಂತ ಅದೇ ವಾಸಿ. ಹೆಚ್ಚು ಹಾಳಾಗದ ಮುಂಭಾಗದ ಹಲ್ಲಿಗೆ ಒಮ್ಮೊಮ್ಮೆ ಫಿಲ್ಲಿಂಗ್ ಸಾಕು. ಕಚ್ಚಿದಾಗ ಕ್ಯಾಪ್ ಮೊದಲು ತಾಗಿದರೆ ಅಲ್ಲೇ ಹೇಳಿ, ಉಜ್ಜಿಸಿಕೊಂಡೇ ಏಳಿ.

ರೂಟ್ ಕೆನಾಲ್ ಆದ ಮೇಲೆ ಎರಡು ಮೂರು ದಿನ ಅಗಿಯುವಾಗ ನೋಯುವುದು ಸಹಜ, ಊದಿಕೊಂಡರೆ ಹಿಂತಿರುಗಿ. ಎಕ್ಸ್‌ರೇ ಪ್ರತಿ ಕೇಳಿ ಇಟ್ಟುಕೊಳ್ಳಿ. ವರ್ಷದ ನಂತರ ಮತ್ತೊಂದು ತೆಗೆಸಿದಾಗ ಬೇರಿನ ತುದಿಯಲ್ಲಿ ಸೋಂಕಿನ ಗುರುತಾದ ಕಪ್ಪು ಕಲೆ ಕುಗ್ಗಿದೆಯೇ ಎಂದು ಹೋಲಿಸಲು ಅದು ಬೇಕಾಗುತ್ತದೆ.