ತೋಟದ ಮಣ್ಣಿನಿಂದ ಎದ್ದ ಆನೆ ಕಾಸು

ಮನೆಯವಳ ಕಿವಿಯ ಓಲೆಯೊಂದು ಅಡಿಕೆ ತೋಟದಲ್ಲಿ ಬಿದ್ದುಹೋಗಿತ್ತು. ಎರಡು ದಿನ ದರಗು ಕೆದಕಿದರೂ ಸಿಗಲಿಲ್ಲ. ಕೊನೆಗೆ ಪೈಪ್‌ಲೈನ್ ಕೆಲಸ ಮಾಡುವ ಪರಿಚಯದವರಿಂದ ಲೋಹಶೋಧಕ ಯಂತ್ರವನ್ನು ಕೇಳಿ ತಂದೆ. ಓಲೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಯಂತ್ರವನ್ನು ಮರಳಿಸುವ ಮೊದಲು ತೋಟದ ಮೇಲಂಚಿನ ಹಳೆಯ ಕಾಲುದಾರಿಯ ಉದ್ದಕ್ಕೂ ಒಮ್ಮೆ ಆಡಿಸಿದೆ. ಒಂದು ಕಡೆ ಬಿಟ್ಟುಬಿಡದೆ ಕೂಗಿತು. ಗೇಣುದ್ದ ಅಗೆದಾಗ ಬಂದದ್ದು ಕೆಂಪು ಮಣ್ಣಿನ ಉಂಡೆ. ಒಡೆದರೆ ಒಳಗೆ ದಪ್ಪನೆಯ ತಾಮ್ರದ ಬಿಲ್ಲೆ.

ಬಾವಿಕಟ್ಟೆಗೆ ಒಯ್ದು ಉಜ್ಜಿಬಿಡಬೇಕೆಂದು ಕೈ ತುಡಿಯಿತು. ತಡೆದದ್ದು ಹಳೆಯದೊಂದು ನೋವು. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿದ್ದ ತಾಮ್ರದ ಕಾಸನ್ನು ಇಪ್ಪತ್ತು ವರ್ಷಗಳ ಹಿಂದೆ ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ಹೊಸ ತಂಬಿಗೆಯಂತೆ ಹೊಳೆಯಿತು, ಆದರೆ ಅಕ್ಷರಗಳು ಹೋದವು. ಹಳೆಯ ತಾಮ್ರದ ನಾಣ್ಯದಲ್ಲಿ ಅಚ್ಚಿನ ನಯವಾದ ಗೆರೆಗಳು ಉಳಿದಿರುವುದು ಅನೇಕ ವೇಳೆ ಒಳಗಿನ ಲೋಹದಲ್ಲಿ ಅಲ್ಲ, ಅದರ ಮೇಲೆ ಕಟ್ಟಿಕೊಂಡ ಕಂದು, ಹಸಿರು ಪದರದಲ್ಲಿ. ಹುಳಿ ಆ ಪದರವನ್ನೇ ಕರಗಿಸುತ್ತದೆ. ಆ ಕಾಸು ಯಾವ ಅರಸನದೆಂದು ಇನ್ನು ಯಾರೂ ಹೇಳಲಾರರು.

ಹಾಗಾಗಿ ಈ ಬಾರಿ ಮೊದಲು ಸಿಕ್ಕ ಜಾಗದ ಚಿತ್ರ ತೆಗೆದು, ಆಳವನ್ನು ಬರೆದಿಟ್ಟುಕೊಂಡೆ. ತಹಶೀಲ್ದಾರರ ಕಚೇರಿಗೊಂದು ಪತ್ರವನ್ನೂ ಕೊಟ್ಟೆ. ನೆಲದೊಳಗೆ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾಯ್ದೆಯೇ ಹೇಳಿದೆ. ತೋಟ ನಮ್ಮದೆಂದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ನಮ್ಮದಾಗುವುದಿಲ್ಲ. ಹಳೆಯ ಕೋಟೆ, ದೇವಸ್ಥಾನಗಳ ಸುತ್ತ ಯಂತ್ರ ಹಿಡಿದು ಅಗೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಊರಿನ ನೆನಪನ್ನು ಹರಿದುಹಾಕುವ ಕೆಲಸ.

ಸ್ವಚ್ಛಗೊಳಿಸಲು ಬಳಸಿದ್ದು ಬ್ಯಾಟರಿಗೆ ಹಾಕುವ ಭಟ್ಟಿ ನೀರು, ಅಷ್ಟೇ. ಬಾವಿ ನೀರಿನಲ್ಲಿ ಲವಣಗಳಿರುತ್ತವೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡೂ ತಾಮ್ರಕ್ಕೆ ಒಳ್ಳೆಯದಲ್ಲ. ಗಾಜಿನ ಬಟ್ಟಲಿನಲ್ಲಿ ಮುಳುಗಿಸಿಟ್ಟು, ಮೊದಲ ವಾರ ದಿನವೂ ನೀರು ಬದಲಿಸಿದೆ, ಆಮೇಲೆ ವಾರಕ್ಕೊಮ್ಮೆ. ನೀರು ಕೆಂಪಾಗುವುದು ನಿಲ್ಲಲು ಒಂದು ತಿಂಗಳು ಬೇಕಾಯಿತು. ನಂತರ ಸಂಜೆಗೆ ಹತ್ತು ನಿಮಿಷದಂತೆ ಹತ್ತು ಪಟ್ಟಿನ ಮಸೂರದ ಕೆಳಗೆ ನಿಂಬೆಗಿಡದ ಮುಳ್ಳಿನಿಂದ ಕೆಲಸ. ಉಕ್ಕಿನ ಸೂಜಿ ತಾಮ್ರವನ್ನು ಗೀರುತ್ತದೆ. ಮುಳ್ಳಾದರೆ ಗಟ್ಟಿ ಜಾಗ ಬಂದಾಗ ತಾನೇ ಮುರಿಯುತ್ತದೆ, ಅದೇ ನನಗೆ ನಿಲ್ಲಿಸುವ ಸೂಚನೆ. ಮಣ್ಣು ಮಾತ್ರ ಬರಬೇಕು. ಗಾಜಿನಂತೆ ಗಟ್ಟಿಯಾದ ಹಸಿರನ್ನು ಮುಟ್ಟಬಾರದು.

ಗುರುತಿಸುವ ಕೆಲಸವೂ ಇದರ ಜೊತೆಗೇ ನಡೆಯಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ 10.7 ಗ್ರಾಂ ತೂಗಿತು, ಅಡ್ಡಳತೆ 22 ಮಿಲಿಮೀಟರ್. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟೆ. ನೇರ ಬೆಳಕಿನಲ್ಲಿ ಏನೂ ಇಲ್ಲದ ಕಡೆ ಒಂದು ಹೊಟ್ಟೆಯ ಬಾಗು ಎದ್ದಿತು, ಅದರ ಮುಂದೆ ಇಳಿಬಿದ್ದ ಸೊಂಡಿಲು. ಆ ಕ್ಷಣವನ್ನು ನಾನು ಮರೆಯಲಾರೆ.

ಆನೆ ಎಂದರೆ ಹೆಚ್ಚಾಗಿ ಮೈಸೂರು ಸೀಮೆ. ಆದರೆ ಯಾರ ಆನೆ? ಹೈದರ್ ಅಲಿಯ ಕೊನೆಯ ವರ್ಷಗಳಲ್ಲಿ, ಟಿಪ್ಪುವಿನ ಕಾಲದಲ್ಲಿ, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ತಾಮ್ರದ ಕಾಸಿನ ಮೇಲೆ ಆನೆ ನಡೆದಿದೆ. ಆನೆಯ ಬೆನ್ನಿನ ಮೇಲೆ ಚಂದ್ರನಂಥ ಗುರುತು ಕಂಡು ಮುಮ್ಮಡಿಯವರದೆಂದು ಹಿಗ್ಗಿದ್ದೆ. ಅವರ ಕಾಸಿನಲ್ಲಿ ಆನೆಯ ಮೇಲೆ ಸೂರ್ಯಚಂದ್ರರೂ ಕನ್ನಡದ ‘ಶ್ರೀ’ಯೂ ಇರುತ್ತವೆ. ಮಣ್ಣು ಬಿಟ್ಟ ಮೇಲೆ ಆ ಚಂದ್ರ ಬರೀ ಕಿಲುಬು ತಿಂದ ಗುಳಿಯಾಗಿತ್ತು. ಪಕ್ಕದಲ್ಲಿದ್ದದ್ದು ಅಂಕಿಗಳು, ಎಡದಿಂದ ಓದಿದರೆ 8121. ಅಂಥ ವರ್ಷ ಯಾವ ಶಕೆಯಲ್ಲೂ ಬಂದಿಲ್ಲ. ಟಿಪ್ಪು 1787ರ ಸುಮಾರಿಗೆ ಮುಸ್ಲಿಮರ ಹಿಜರಿ ವರ್ಷಗಣನೆಯನ್ನು ಬಿಟ್ಟು, ಪ್ರವಾದಿ ಮುಹಮ್ಮದರ ಜನನದಿಂದ ಎಣಿಸುವ ಮೌಲೂದಿ ವರ್ಷವನ್ನು ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗೆ ಓದಿದರೆ 1218, ಅಂದರೆ 1790ರ ಆಸುಪಾಸು.

ಹಿಂಬದಿಯ ಪಾರಸಿ ಅಕ್ಷರಗಳನ್ನು ನೆರೆಯ ಊರಿನ ನಿವೃತ್ತ ಉರ್ದು ಮೇಷ್ಟ್ರು ಓದಿಕೊಟ್ಟರು. ‘ಜರ್ಬ್’ ಎಂದರೆ ಅಚ್ಚು ಹಾಕಿದ್ದು. ಕೆಳಗಿನ ಪದವನ್ನು ಅವರು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ, ‘ನಗರ್’ ಎಂದರು. ನಮ್ಮದೇ ನಗರ! ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಗೆದ್ದ ಹೈದರ್ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ, ಅದೇ ಇಂದಿನ ನಗರ ಎಂಬ ಊರು. ಅಲ್ಲಿನ ಟಂಕಸಾಲೆಯಲ್ಲಿ ಹುಟ್ಟಿದ ಒಂದು ಪೈಸೆ, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ತೋಟದ ದಾರಿಯಲ್ಲಿ ಯಾರದೋ ಸೊಂಟದ ಚೀಲದಿಂದ ಜಾರಿರಬೇಕು.

ನೀರಿನಿಂದ ತೆಗೆದ ಮೇಲೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿದೆ. ಮಳೆಗಾಲ ಹಿಡಿದಾಗ ಸಾಸಿವೆಯಷ್ಟು ಜಾಗದಲ್ಲಿ ತಿಳಿ ಹಸಿರು ಪುಡಿ ಎದ್ದಿತು, ಅಡಿಕೆ ಸೋಗೆಯ ಮೇಲೆ ಒಣಗಿದ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಬಣ್ಣಕ್ಕೆ ಹತ್ತಿರ. ಇದನ್ನು ಕಂಡರೆ ಮಾತ್ರ ಅವಸರ ಮಾಡಬೇಕು. ಒಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವದೊಡನೆ ಕೂಡಿ ಹುಳಿಯನ್ನು ಹುಟ್ಟಿಸುತ್ತಾ ತಾಮ್ರವನ್ನು ತಿನ್ನುತ್ತಲೇ ಹೋಗುತ್ತದೆ. ಪುಡಿಯನ್ನು ಮುಳ್ಳಿನಿಂದ ಪೂರ್ತಿ ತೆಗೆದು, ಮತ್ತೆ ಮೂರು ವಾರ ಭಟ್ಟಿ ನೀರಿನಲ್ಲಿಟ್ಟು, ಒಣಗಿಸಿ, ಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮ ಹರಳಿನ ಮೇಣವನ್ನು ತೆಳುವಾಗಿ ಸವರಿದೆ. ಕೊಬ್ಬರಿ ಎಣ್ಣೆ ಹಚ್ಚೆಂದು ಹೇಳಿದವರಿದ್ದರು. ಎಣ್ಣೆ ಧೂಳನ್ನು ಹಿಡಿಯುತ್ತದೆ, ಕನರಿದ ಮೇಲೆ ಅದರ ಆಮ್ಲವೇ ತಾಮ್ರಕ್ಕೆ ಶತ್ರು.

ಈಗ ಅದು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿದೆ. ಅಂಚನ್ನಷ್ಟೇ ಹಿಡಿದು ಮಕ್ಕಳಿಗೆ ತೋರಿಸುತ್ತೇನೆ. ಆನೆಯ ಹಿಂಗಾಲೊಂದು ಇನ್ನೂ ಗಟ್ಟಿ ಹಸಿರಿನೊಳಗೇ ಇದೆ. ಅದನ್ನು ಬಿಡಿಸಲು ಹೋಗಿಲ್ಲ.